ಎಣಿಕೆ ಹಕ್ಕಿ ಮತ್ತು ಬಾಣಂತಿ ಗೆರೆ

ಬನ್ನಿ, ಹತ್ತಿರ ಬನ್ನಿ, ಕಾಲು ಚಾಚಿ ಕೂತುಕೊಳ್ಳಿ. ಇದು ಹೊಂಗೆ ಎಣ್ಣೆಯ ದೀಪ ಉರಿಯುತ್ತಿದ್ದ ಕಾಲದ ಕಥೆ.

ದೀವಿಗೆಪುರ ಅಂತ ಒಂದು ರಾಜ್ಯ ಇತ್ತು. ಎಲ್ಲಿ ನೋಡಿದರೂ ಹೊಂಗೆ ಮರ. ಜನ ಬೀಜ ಆರಿಸಿ ಅರಮನೆಗೆ ಕೊಡುತ್ತಿದ್ದರು. ಅರಮನೆಯ ಗಾಣದಲ್ಲಿ ಎಣ್ಣೆ ತೆಗೆದು ಮನೆಮನೆಯ ಗಡಿಗೆಗೆ ತುಂಬಿಸುತ್ತಿದ್ದರು. ಎಷ್ಟು ಎಣ್ಣೆ ಉರಿಸಿದರೋ ಅಷ್ಟು ಬೀಜ ಕೊಡಬೇಕು. ಕಟ್ಟಳೆ ಅಂದರೆ ಅಷ್ಟೇ.

ಉರಿಸಿದ್ದು ಎಷ್ಟು ಅಂತ ನೋಡುವವನು ಕಡ್ಡಿ ಮಾದಯ್ಯ. ಹುಣ್ಣಿಮೆ ಬಂತು ಅಂದರೆ ಅವನೂ ಬಂದ. ಕೈಯಲ್ಲಿ ಗೆರೆ ಕೊರೆದ ಬಿದಿರು ಕಡ್ಡಿ. ಅದನ್ನು ಗಡಿಗೆಯಲ್ಲಿ ಇಳಿಸಿ, ಎತ್ತಿ, ಎಣ್ಣೆ ಎಷ್ಟು ಗೆರೆ ತಗ್ಗಿದೆ ಅಂತ ಬೀದಿಗೆಲ್ಲ ಕೇಳುವ ಹಾಗೆ ಎಣಿಸುತ್ತಿದ್ದ. ಒಂದು, ಎರಡು, ಮೂರು. ಆಮೇಲೆ ಜಗಲಿಯ ಮೇಲೆ ಕೂತು ಮಜ್ಜಿಗೆ ಕುಡಿದು, ಎಲ್ಲರ ಮನೆಯ ಕ್ಷೇಮ ಕೇಳಿ, ಟವೆಲು ಕೊಡವಿಕೊಂಡು ಮುಂದಿನ ಮನೆಗೆ ಹೋಗುತ್ತಿದ್ದ.

ಬಾಣಂತಿ ಇರುವ ಮನೆಗೆ ಬಂದಾಗ ಮಾತ್ರ ಅವನಿಗೆ ಕೆಮ್ಮು ಬರುತ್ತಿತ್ತು. ಅದೂ ಸರಿಯಾಗಿ ಕೊನೆಯ ಗೆರೆಯ ಹತ್ತಿರವೇ. ಒಂದು, ಎರಡು, ಮೂರು, ಉಹ್ಹು ಉಹ್ಹು. ಆ ಗೆರೆ ಕೆಮ್ಮಿನಲ್ಲೇ ಹೋಗಿಬಿಡುತ್ತಿತ್ತು. ಹಸುಗೂಸಿನ ಮನೆಯ ದೀಪಕ್ಕೆ ಲೆಕ್ಕ ಹಾಕಬಾರದು ಅಂತ ಅವನ ಮನಸ್ಸು. ಜನ ಅದನ್ನು ಬಾಣಂತಿ ಗೆರೆ ಅಂತ ಕರೆಯುತ್ತಿದ್ದರು. ರಾಜನಿಗೂ ಗೊತ್ತಿತ್ತಂತೆ, ಗೊತ್ತಿಲ್ಲದವನ ಹಾಗೆ ಇದ್ದನಂತೆ. ಅಂಥ ಕಾಲ ಅದು. ನೆನೆದರೆ ಈಗಲೂ ಹೊಟ್ಟೆ ತಣ್ಣಗಾಗುತ್ತೆ.

ಆ ಊರಿನ ಸೂಲಗಿತ್ತಿ ದ್ಯಾವಕ್ಕ. ಏಳು ಬೀದಿಯ ಮಕ್ಕಳೂ ಅವಳ ಕೈಯಲ್ಲೇ ಹುಟ್ಟಿದ್ದು. ಹೆರಿಗೆ ಮಾಡಿಸುವುದು ಒಂದು ಕೆಲಸವಾದರೆ, ಬಸುರಿಯರ ಗುಟ್ಟು ಕಾಯುವುದು ಇನ್ನೊಂದು. ಮೂರು ತಿಂಗಳು ತುಂಬುವ ತನಕ ಯಾರಿಗೂ ಹೇಳಬಾರದು ಅಂತ ಹೆಣ್ಣುಮಕ್ಕಳು ಸಂಜೆ ಹೊತ್ತು ಸೆರಗು ಹೊದ್ದು ಅವಳ ಮನೆಗೆ ಬರುತ್ತಿದ್ದರು. ದ್ಯಾವಕ್ಕ ಒಳಕೋಣೆಯಲ್ಲಿ ಇನ್ನೊಂದು ದೀಪ ಹಚ್ಚಿ, ನಾಡಿ ಹಿಡಿದು ನೋಡಿ, ಧೈರ್ಯ ಹೇಳಿ ಕಳಿಸುತ್ತಿದ್ದಳು. ಕೇಳಿದ್ದನ್ನೆಲ್ಲ ಹೊಟ್ಟೆಯಲ್ಲಿ ಹಾಕಿಕೊಂಡು ತುಟಿ ಪಿಟಿಕ್ ಅನ್ನುತ್ತಿರಲಿಲ್ಲ.

ಹೀಗಿರುವಾಗ ಒಂದು ದಿನ ಡಂಗುರ ಹೊಡೆದರು. ಇನ್ನು ಮೇಲೆ ಕಡ್ಡಿ ಬೇಡ. ಒಪ್ಪಿದವರ ಮನೆಗೆಲ್ಲ ಎಣಿಕೆ ಹಕ್ಕಿ ಬರುತ್ತೆ. ದಿನಾ ಎಷ್ಟು ದೀಪ ಉರಿಯಿತು, ಎಣ್ಣೆ ಎಷ್ಟು ಗೆರೆ ತಗ್ಗಿತು ಅಂತ ಅದೇ ನೋಡಿ ಅದೇ ಹೇಳುತ್ತೆ.

ಎಣಿಕೆ ಹಕ್ಕಿ ಅಂದರೆ ಗೊರವಂಕ. ಹಳದಿ ಕೊಕ್ಕು, ಚುರುಕು ಕಣ್ಣು, ಒಮ್ಮೆ ಕೇಳಿದ್ದನ್ನು ಮರೆಯದ ಹಕ್ಕಿ. ಅವನ್ನು ಸಾಕಿ ಎಣಿಕೆ ಕಲಿಸಿದವನು ಎಣ್ಣೆ ಉಗ್ರಾಣದ ಪಾರುಪತ್ತೇಗಾರ ಸಂಪಣ್ಣ. ದಿನಾ ಸಂಜೆ ಅವನ ಆಳುಗಳು ಬೀದಿ ಬೀದಿ ತಿರುಗಿ ಹಕ್ಕಿಗಳ ಮಾತು ಕೇಳಿಕೊಂಡು ಹೋಗಿ ಅವನಿಗೆ ಒಪ್ಪಿಸುತ್ತಿದ್ದರು.

ಮೊದಲು ಒಪ್ಪಿದ್ದು ಕುಂಬಾರರ ಮನೆ. ಅವರು ನೆಂಟರ ಮದುವೆಗೆ ಹೋದರು. ಮೂರು ದಿನ ದೀಪ ಇಲ್ಲ ಅಂತ ಹಕ್ಕಿ ಹೇಳಿತು. ತಿರುಗಿ ಬಂದು ನೋಡಿದರೆ ಹಿತ್ತಿಲಲ್ಲಿದ್ದ ಬೀಜದ ಮೂಟೆಗಳೇ ಇಲ್ಲ.

ಎರಡನೆಯದು ನೇಕಾರರ ಮನೆ. ಕೋಳಿ ಕೂಗುವ ಮುಂಚೆಯೇ ದೀಪ ಅಂತ ಹಕ್ಕಿ ಹೇಳಿತು. ಕೈತುಂಬ ಕೆಲಸ ಇದೆ ಅಂತ ಗೊತ್ತಾಗಿ, ಸಂಪಣ್ಣ ತನಗೊಂದು ಜರಿ ಪಂಚೆ ನೇಯ್ದು ಕೊಡಬೇಕು ಅಂತ ಹೇಳಿಕಳಿಸಿದ.

ಮೂರನೆಯದು ಹೂವಾಡಗಿತ್ತಿಯ ಮನೆ. ಒಂದೇ ದೀಪ ಉರಿಯುತ್ತಿದ್ದ ಕಡೆ ಮೂರು ದೀಪ ಅಂತ ಹಕ್ಕಿ ಹೇಳಿತು. ಮಗಳನ್ನು ನೋಡಲು ಗಂಡಿನ ಕಡೆಯವರು ಬಂದಿದ್ದಾರೆ ಅಂತ ಊರಿಗೆಲ್ಲ ಹರಡಿ, ಇಲ್ಲದ ಮಾತುಗಳೂ ಸೇರಿಕೊಂಡು, ಆ ಸಂಬಂಧ ಮುರಿದುಬಿತ್ತು.

ಹಕ್ಕಿ ಹೇಳಿದ್ದು ದೀಪದ ಲೆಕ್ಕ ಮಾತ್ರ. ಸುಳ್ಳು ಒಂದೂ ಹೇಳಲಿಲ್ಲ. ಆದರೆ ದೀಪದ ಲೆಕ್ಕದಲ್ಲೇ ಮನೆಯ ಕಥೆಯೆಲ್ಲ ಇರುತ್ತೆ ನೋಡಿ.

ಸಂಪಣ್ಣ ದ್ಯಾವಕ್ಕನ ಮನೆಗೂ ಬಂದ. ಮೊದಲನೇ ಸಲ ಬಂದಾಗ ಮಾತಿಗೆ ಬೆಣ್ಣೆ ಹಚ್ಚಿಕೊಂಡೇ ಬಂದಿದ್ದ. ಮಾದಯ್ಯನ ಕಣ್ಣು ಮಂಜಾಗಿದೆ, ಕಡ್ಡಿಯ ಗೆರೆ ಸವೆದಿದೆ, ಹಕ್ಕಿಯ ಎಣಿಕೆ ತಪ್ಪುವುದಿಲ್ಲ ಅಂದ. ಅದು ನಿಜವೇ. ಹೋದ ವರ್ಷ ಮಾದಯ್ಯ ಪಕ್ಕದ ಮನೆಯ ಗೆರೆಯನ್ನು ದ್ಯಾವಕ್ಕನ ತಲೆಗೆ ಕಟ್ಟಿದ್ದ. ಆದರೂ ಅವಳು ನೋಡೋಣ ಅಂತ ಹೇಳಿ ಕಳಿಸಿದಳು.

ಎರಡನೇ ಸಲ ಬಂದಾಗ ಮುಖ ಗಂಟು ಹಾಕಿಕೊಂಡಿದ್ದ. ಹಕ್ಕಿ ಇಲ್ಲದ ಮನೆಗೆ ಮುಂದಿನ ಹುಣ್ಣಿಮೆಯಿಂದ ಎಣ್ಣೆ ಇಲ್ಲ ಅಂದ.

ದ್ಯಾವಕ್ಕ ಯೋಚನೆಗೆ ಬಿದ್ದಳು. ಎಣ್ಣೆ ಇಲ್ಲದಿದ್ದರೆ ಏಳು ಬೀದಿಯ ಹೆರಿಗೆ ಕತ್ತಲಲ್ಲಿ ಆಗಬೇಕು. ಹಕ್ಕಿ ಬಂದರೆ ಒಳಕೋಣೆಯ ದೀಪ ಹತ್ತಿದಾಗಲೆಲ್ಲ ಸಂಪಣ್ಣನಿಗೆ ಸುದ್ದಿ. ನಂಬಿ ಬಂದ ಹೆಣ್ಣುಮಕ್ಕಳ ಗುಟ್ಟು ಬೀದಿಗೆ ಬೀಳುತ್ತೆ. ಯಾವುದನ್ನು ಬಿಡಬೇಕು, ಯಾವುದನ್ನು ಹಿಡಿಯಬೇಕು? ಅವಳಿಗೆ ಅನ್ನ ಸೇರಲಿಲ್ಲ. ಮಾದಯ್ಯ ಕೂತು ಹೋಗುತ್ತಿದ್ದ ಜಗಲಿಯ ಮೂಲೆ ನೋಡಿದರೆ ಅಳುವೇ ಬರುತ್ತಿತ್ತು.

ಮೂರನೇ ಸಲ ಸಂಪಣ್ಣ ಪಂಜರ ಹಿಡಿದುಕೊಂಡೇ ಬಂದ. ಒಪ್ಪುವುದೋ ಬಿಡುವುದೋ ಮೂರು ದಿನದಲ್ಲಿ ಹೇಳು ಅಂತ ಅದನ್ನು ಜಗಲಿಯ ಮೇಲೆ ಕುಕ್ಕಿ ಹೋದ.

ದ್ಯಾವಕ್ಕ ಹಕ್ಕಿಯನ್ನು ಬೈಯಲಿಲ್ಲ. ಬಟ್ಟಲಲ್ಲಿ ನೀರಿಟ್ಟಳು, ಬಾಳೆಹಣ್ಣಿನ ತುಂಡು ಕೊಟ್ಟಳು. ಸೂಲಗಿತ್ತಿ ಅಲ್ಲವೇ, ಯಾವ ಮರಿಯನ್ನು ಕಂಡರೂ ಅವಳು ಕೇಳುವುದು ಒಂದೇ ಮಾತು.

"ಎಲ್ಲಿ ಹುಟ್ಟಿದ್ಯವ್ವಾ? ಯಾರ ಮನೇಲಿ ಬೆಳೆದೆ?"

"ಮರದಲ್ಲಿ ಹುಟ್ಟಿದೆ. ಸಂಪಣ್ಣನ ಪಡಸಾಲೇಲಿ ಬೆಳೆದೆ."

"ಎಣಿಸೋದು ಎಲ್ಲಿ ಕಲಿತೆ?"

"ಅಲ್ಲೇ. ಅವರ ಮನೆ ದೀಪ ಎಣಿಸಿ ಎಣಿಸಿ ಕಲಿತೆ."

ದ್ಯಾವಕ್ಕನಿಗೆ ಅಷ್ಟು ಸಾಕಾಯಿತು. ಪಂಜರವನ್ನು ಕಂಕುಳಲ್ಲಿ ಇರಿಸಿಕೊಂಡು ನೆಟ್ಟಗೆ ಅರಮನೆಗೆ ನಡೆದಳು. ಕಾವಲಿನವರು ತಡೆಯಲಿಲ್ಲ. ರಾಜನನ್ನು ಭೂಮಿಗೆ ಇಳಿಸಿಕೊಂಡದ್ದು ಅವಳ ಅವ್ವನ ಕೈ.

ಒಡ್ಡೋಲಗ ತುಂಬಿತ್ತು. ಸಂಪಣ್ಣನೂ ಇದ್ದ. ಏನು ಬಂದದ್ದು ಅಕ್ಕ ಅಂತ ರಾಜ ಕೇಳಿದ. ಹಕ್ಕಿಯನ್ನು ಒಪ್ಪಬೇಕೋ ಬೇಡವೋ ತಿಳಿಯುತ್ತಿಲ್ಲ, ಇದರ ಎಣಿಕೆ ಹೇಗಿದೆ ಅಂತ ತಮ್ಮ ಎದುರಿಗೇ ಒಮ್ಮೆ ನೋಡಬೇಕು ಅಂದಳು ದ್ಯಾವಕ್ಕ. ಅದಕ್ಕೇನಂತೆ, ಕೇಳಲಿ ಅಂತ ಸಂಪಣ್ಣ ಮೀಸೆ ತಿರುವಿದ.

"ನೀನು ಬೆಳೆದ ಮನೇಲಿ ಎಷ್ಟು ದೀಪ ಎಣಿಸ್ದೆ, ಹೇಳವ್ವ" ಅಂದಳು ದ್ಯಾವಕ್ಕ.

ಹಕ್ಕಿ ಕತ್ತು ಕೊಂಕಿಸಿತು. "ಪಡಸಾಲೇಲಿ ಹನ್ನೆರಡು. ನಡುಮನೇಲಿ ಹನ್ನೆರಡು. ದನದ ಕೊಟ್ಟಿಗೇಲಿ ಹನ್ನೆರಡು. ಹಗಲಲ್ಲೂ ಆರಿಸೋದಿಲ್ಲ."

ಸಭೆ ಗೊಳ್ಳೆಂದಿತು. ಸಂಪಣ್ಣನ ಮನೆಯಿಂದ ಅರಮನೆಗೆ ಒಂದು ಬೊಗಸೆ ಬೀಜವೂ ಬಂದಿಲ್ಲ ಅನ್ನುವುದು ಎಲ್ಲರಿಗೂ ಗೊತ್ತು. ಹಕ್ಕಿ ಅಷ್ಟಕ್ಕೇ ನಿಲ್ಲಿಸಲಿಲ್ಲ. ಥೇಟ್ ಸಂಪಣ್ಣನ ದನಿಯಲ್ಲಿ, "ಕುಂಬಾರನ ಮನೆ ಮೂರು ದಿನ ಕತ್ತಲೆಯೇನ್ರೋ? ಹೋಗಿ ಮೂಟೆ ಹೊತ್ಕೊಂಬನ್ನಿ" ಅಂದಿತು.

ಸಂಪಣ್ಣನ ಮುಖ ಇಂಗು ತಿಂದ ಮಂಗನ ಹಾಗಾಯಿತು. ಊರಿಗೆಲ್ಲ ಹಕ್ಕಿ ಹಂಚಿದವನು ತನ್ನ ಮನೆಯ ದೀಪವನ್ನೇ ಪಾಠಕ್ಕೆ ಇಟ್ಟಿದ್ದ. ರಾಜ ಅವನ ಅಧಿಕಾರ ಕಿತ್ತುಕೊಂಡು, ಕುಂಬಾರರ ಮೂಟೆ ವಾಪಸು ಕೊಡಿಸಿ, ಗಾಣದ ಮನೆಯಲ್ಲಿ ಹೊಂಗೆಕಾಯಿ ಬಿಡಿಸಲು ಕೂರಿಸಿದ.

ಹಾಗಾದರೆ ಹಕ್ಕಿಗಳನ್ನೆಲ್ಲ ಹಾರಿಬಿಡೋಣವೇ ಅಂತ ರಾಜ ಕೇಳಿದ. ಬಿಡಿ ಬಿಡಿ ಅಂತ ಜನ ಕೂಗಿದರು. ದ್ಯಾವಕ್ಕನ ಬಾಯಿಗೂ ಹೂಂ ಅನ್ನುವ ಮಾತು ಬಂದಿತ್ತು. ಹಳೆಯ ಹುಣ್ಣಿಮೆಗಳು, ಮಾದಯ್ಯ, ಮಜ್ಜಿಗೆ, ಎಲ್ಲ ಮೊದಲಿನ ಹಾಗೇ ತಿರುಗಿ ಬಂದರೆ ಅವಳಿಗೆ ಅದಕ್ಕಿಂತ ಇನ್ನೇನು ಬೇಕು? ಆದರೆ ಹೋದ ವರ್ಷ ತನ್ನ ತಲೆಗೆ ತಪ್ಪಿ ಬಿದ್ದ ಗೆರೆಯೂ ನೆನಪಾಯಿತು. ಮಾದಯ್ಯನ ಮಂಜುಗಣ್ಣಿನ ಮರೆಯಲ್ಲೇ ಸಂಪಣ್ಣನಂಥ ದೊಡ್ಡ ಮನೆಯವರು ಇಷ್ಟು ವರ್ಷ ಉರಿಸಿದ್ದೂ ನೆನಪಾಯಿತು.

"ಹಕ್ಕಿ ಇರಲಿ ಸ್ವಾಮಿ" ಅಂದಳು. "ಜಗಲಿ ಮೇಲಿರಲಿ, ಒಳಗೆ ಬೇಡ. ಹುಣ್ಣಿಮೆ ದಿನ ಗಡಿಗೆ ಹೊರಗೆ ತಂದಿಟ್ಟಾಗ ನೋಡಿ ಒಟ್ಟು ಗೆರೆ ಮಾತ್ರ ಹೇಳಲಿ, ಅದನ್ನೂ ಮೊದಲು ಮನೆಯವರಿಗೆ ಹೇಳಲಿ. ಮತ್ತೆ ಅದನ್ನ ಕೇಳೋಕೆ ನಮ್ಮ ಮಾದಯ್ಯನೇ ಬರಲಿ."

ಬೇರೆ ಯಾರೂ ಹಕ್ಕಿಯ ಮಾತು ಕೇಳಕೂಡದು ಅಂತ ರಾಜ ಆಜ್ಞೆ ಮಾಡಿದ. ದ್ಯಾವಕ್ಕ ಪಂಜರವನ್ನು ಮನೆಗೆ ತಂದು ತನ್ನ ಕೈಯಾರೆ ಜಗಲಿಯ ತೊಲೆಗೆ ಕಟ್ಟಿದಳು.

ಅಂದಿನಿಂದ ಮಾದಯ್ಯ ಕಡ್ಡಿ ಇಲ್ಲದೆ ಬರತೊಡಗಿದ. ಹಕ್ಕಿ ಎಣಿಸುತ್ತಿತ್ತು, ಅವನು ಮಜ್ಜಿಗೆ ಕುಡಿಯುತ್ತಿದ್ದ. ಬಾಣಂತಿಯ ಮನೆಯಲ್ಲಿ ಹಕ್ಕಿ ಕೊನೆಯ ಗೆರೆಗೆ ಬಾಯಿ ತೆರೆಯುವ ಹೊತ್ತಿಗೆ ಅವನೇ ಕೆಮ್ಮಿಬಿಡುತ್ತಿದ್ದ. ಗೆರೆ ಯಾರಿಗೂ ಕೇಳಿಸುತ್ತಿರಲಿಲ್ಲ.

ವರ್ಷಗಳು ಉರುಳಿದವು. ಒಂದು ಹುಣ್ಣಿಮೆಗೆ ಮಾದಯ್ಯ ಬರಲಿಲ್ಲ. ಅವನು ಇನ್ನು ಬರುವುದಿಲ್ಲ ಅಂತ ಎಲ್ಲರಿಗೂ ಗೊತ್ತಿತ್ತು. ಅವನ ಬದಲಿಗೆ ರಾಜ ಕಳಿಸಿದ್ದ ಹೊಸಬನೊಬ್ಬ ಬಂದು ದ್ಯಾವಕ್ಕನ ಜಗಲಿಯ ಮುಂದೆ ನಿಂತ. ಒಳಗೆ ಅವಳ ಸೊಸೆ ಹಡೆದು ಒಂಬತ್ತು ದಿನ ಆಗಿತ್ತು. ಹೊಸಬನಿಗೆ ಬಾಣಂತಿ ಗೆರೆ ಏನು ಗೊತ್ತು? ಕಂಬಕ್ಕೆ ಒರಗಿ ಕೂತಿದ್ದ ದ್ಯಾವಕ್ಕನಿಗೆ ಮಾದಯ್ಯನ ಜೊತೆಗೆ ಅದೂ ಹೋಯಿತಲ್ಲ ಅಂತ ಸಂಕಟವಾಯಿತು.

ಹಕ್ಕಿ ಎಣಿಸಿತು. "ಒಂದು, ಎರಡು, ಮೂರು..."

ಆಮೇಲೆ ಥೇಟ್ ಮಾದಯ್ಯನ ಹಾಗೇ, "ಉಹ್ಹು, ಉಹ್ಹು."

ಮೂರು ಗೆರೆ ಅಂತ ಬರೆದುಕೊಂಡು ಹೊಸಬ ಹೊರಟುಹೋದ. ದ್ಯಾವಕ್ಕ ಆ ಕೆಮ್ಮು ಕೇಳಿದ್ದೇ ತಡ ಎದ್ದು ಒಳಗೆ ಹೋಗಿ, ಒಂದು ಲೋಟ ಮಜ್ಜಿಗೆ ತಂದು, ಜಗಲಿಯ ಮೇಲೆ ಮಾದಯ್ಯ ಕೂರುತ್ತಿದ್ದ ಮೂಲೆಯಲ್ಲಿ ಇಟ್ಟಳು. ಇಟ್ಟ ಮೇಲೆ ಅವಳಿಗೆ ನೆನಪಾಯಿತು. ಲೋಟವನ್ನು ಅಲ್ಲೇ ಬಿಟ್ಟಳು.

ಕಥೆ ಇಷ್ಟೇ ಮಕ್ಕಳೇ, ನೀತಿಯನ್ನೂ ಕಟ್ಟಿಕೊಂಡು ಹೋಗಿ. ನಿಮ್ಮ ಮನೆಗೆ ಹೊಸ ಅಳತೆ ಬಂದರೆ ಹೆದರಿ ಓಡಿಸಬೇಡಿ, ಮರುಳಾಗಿ ಒಳಗೂ ಕರೆಯಬೇಡಿ. ಏನು ಎಣಿಸುತ್ತೀಯ, ಯಾರಿಗೆ ಹೇಳುತ್ತೀಯ ಅಂತ ಮೊದಲು ಕೇಳಿ. ತಂದವನ ಮನೆಯಲ್ಲೂ ಅದು ಎಣಿಸುತ್ತದೆಯೇ ಅಂತ ನೋಡಿ. ಒಪ್ಪಿದ ಮೇಲೆ, ಎಲ್ಲಿ ಕೆಮ್ಮಬೇಕು ಅನ್ನುವುದನ್ನೂ ಅದಕ್ಕೆ ಕಲಿಸಿ.