ರಾಜಕುಮಾರಿಯ ದವಡೆಗೆ ಹೊಸ ಕೀಲು

“ಕೇಳಿರಯ್ಯಾ ಕೇಳಿ. ಕುದುರೆಯಿಂದ ಬಿದ್ದು ದವಡೆಯ ಕೀಲು ಮುರಿದುಕೊಂಡ ರಾಜಕುಮಾರಿ ಚಂದಲೆಗೆ ಹೊಸ ಕೀಲು ಮಾಡಬಲ್ಲವರು ಅರಮನೆಗೆ ಬರಬೇಕು. ಆಕೆಯ ಮೂರು ಒಗಟು ಬಿಡಿಸಿ ಕೀಲು ಕೂರಿಸಿದವರಿಗೆ ಬೇಡಿದ್ದು ಸಿಗುತ್ತದೆ, ಮದುವೆಯೂ ಆಗುತ್ತದೆ. ತಪ್ಪಿದವರ ತಲೆ ಹೋಗುತ್ತದೆ,” ಎಂದು ಊರಲ್ಲೆಲ್ಲ ಡಂಗುರ ಸಾರಿದರು.

ಒಗಟು ಸುಮ್ಮನೆ ಬಂದದ್ದಲ್ಲ. ಹಿಂದೊಬ್ಬ ಥಳಥಳ ಹೊಳೆಯುವ ಕೀಲು ಕೂರಿಸಿದ್ದಕ್ಕೆ ಕೆನ್ನೆಯೆಲ್ಲ ಕೀವಾಗಿ, ಅದನ್ನು ತೆಗೆಸುವಷ್ಟರಲ್ಲಿ ಆಕೆಯ ಜೀವ ಉಳಿದದ್ದೇ ಹೆಚ್ಚು. ಈಗ ಬಾಯಿ ತೆರೆಯಲಾಗದೆ ಹಲ್ಲುಸಂದಿಯಲ್ಲಿ ಗಂಜಿ ಹೀರಿ, ಹಲ್ಲು ಕಚ್ಚಿಕೊಂಡೇ ಮಾತಾಡುತ್ತಿದ್ದಳು.

ಮಕ್ಕಳ ಕಿವಿ ಚುಚ್ಚುವ ಅಕ್ಕಸಾಲಿ ಮೌನೇಶ ಅಣ್ಣನ ಹಿಂದೆ ಬಂದು ಸಭೆಯ ಮೂಲೆಯಲ್ಲಿ ನಿಂತಿದ್ದ.

“ಹೊರಗಿನಿಂದ ಬಂದು ಮೈಯೊಳಗೆ ಕೂತರೂ ಮೈ ಜಗಳ ತೆಗೆಯದ ನೆಂಟ ಯಾರು?” ಎಂದಳು ಚಂದಲೆ.

“ಕಂಚು,” ಎಂದ ಮುಂದೆ ನಿಂತ ಕಂಚುಗಾರ. ಭಟರು ಅವನ ಕೈ ಕಟ್ಟಿದರು.

“ಚಿನ್ನ,” ಎಂದ ಮೌನೇಶನ ಅಣ್ಣ ಈರಾಚಾರಿ. ಆಕೆ ಹೌದೆಂದು ತಲೆಯಾಡಿಸಿದಳು.

“ಇಬ್ಬರು ದಿನವಿಡೀ ಮೈಗೆ ಮೈ ಉಜ್ಜುತ್ತ ಬಾಳಬೇಕು. ಎಂಥವರಿಗೆ ಎಂಥವರನ್ನು ಜೋಡಿ ಮಾಡಲಿ?”

“ಚಿನ್ನಕ್ಕೆ ಚಿನ್ನವೇ ಜೋಡಿ,” ಎಂದ ಈರಾಚಾರಿ. ಅಕ್ಕಸಾಲಿಗಳಿಗೆ ಚಿನ್ನದಾಚೆ ಏನೂ ಕಾಣುವುದಿಲ್ಲ ನೋಡಿ. ಭಟರು ಅಣ್ಣನನ್ನೂ ಕಟ್ಟಿದರು. ಮೌನೇಶ ಮೂಲೆ ಬಿಟ್ಟು ಮುಂದೆ ಬಂದ.

“ದೊರೆಸಾನಿ, ಹಸಿ ಕಿವಿಗೆ ಹಿತ್ತಾಳೆ ಇಟ್ಟರೆ ಕೀವಾಗುತ್ತೆ, ಕಂಚೂ ಅಷ್ಟೇ. ಚಿನ್ನದ ತಂತಿಗೆ ಮೈ ಒಗ್ಗುತ್ತೆ. ಅಣ್ಣ ಮೊದಲನೇದು ಸರಿಯಾಗೇ ಹೇಳಿದ. ಆದರೆ ನಮ್ಮ ಚಿನ್ನ ಮೆತ್ತಗೆ. ಚಿನ್ನಕ್ಕೆ ಚಿನ್ನ ಉಜ್ಜಿದರೆ ಎರಡೂ ಸವೆದು ಹಾಳು. ಕೀಲಿನೊಳಗೆ ಹೊರಳುವ ಗಟ್ಟಿಯಾದ ನುಣುಪು ಗುಂಡಿಗೆ, ಅದನ್ನು ಹಿಡಿಯುವ ಸ್ವಲ್ಪ ಮೆತ್ತನೆ ಬಟ್ಟಲು ಜೋಡಿ.”

ಆಕೆಯ ಕಣ್ಣು ಚುರುಕಾಯಿತು. “ಊರವರೆಲ್ಲ ದಿನವೂ ಒಂದು ಕಲ್ಲನ್ನು ತಿನ್ನುತ್ತಾರೆ, ತಿಂದದ್ದು ಯಾರಿಗೂ ಗೊತ್ತಿಲ್ಲ. ಯಾವ ಕಲ್ಲು? ಅದರಿಂದ ನನಗೇನು?”

ಮೂರನೇ ಒಗಟಿನವರೆಗೆ ಯಾರೂ ಬಂದಿರಲಿಲ್ಲ. ಮೌನೇಶನ ಬಾಯಿ ಒಣಗಿತು. ಕತ್ತಿಯವನು ಅಣ್ಣನ ಪಕ್ಕಕ್ಕೆ ಸರಿದು ನಿಂತ. ಒಣಗಿದ ಬಾಯಲ್ಲಿ ನಾಲಿಗೆ ಹೊರಳಿಸಿದಾಗ ಹಲ್ಲಿಗೆ ಏನೋ ಕರಕರ ಸಿಕ್ಕಿತು. ಬೆಳಗಿನ ರೊಟ್ಟಿ. ಅವ್ವ ನಿನ್ನೆ ತಾನೇ, ಸವೆದು ನುಣುಪಾದ ಬೀಸುವ ಕಲ್ಲಿಗೆ ಉಳಿಯಿಂದ ಹಲ್ಲು ಹೊಡೆಸಿದ್ದಳು.

“ಬೀಸುವ ಕಲ್ಲು,” ಎಂದ. “ಸವೆದದ್ದೆಲ್ಲ ಹಿಟ್ಟಿಗೆ ಸೇರುತ್ತೆ. ನಿಮ್ಮ ಕೀಲೂ ಸವೆದೇ ಸವೆಯುತ್ತೆ ದೊರೆಸಾನಿ, ಸವೆಯಲ್ಲ ಅಂದರೆ ಸುಳ್ಳಾದೀತು. ಆ ಪುಡಿ ಕೆನ್ನೆಯೊಳಗೇ ಉಳಿಯುತ್ತೆ. ಅದಕ್ಕೇ ಬಟ್ಟಲು ಆನೆದಂತದ್ದಾಗಲಿ, ಅದರ ಪುಡಿ ಮೂಳೆಗೆ ಹತ್ತಿರದ್ದು, ಮೈ ಜಗಳ ತೆಗೆಯಲ್ಲ. ಗುಂಡು, ನಾವು ಒಡವೆ ಉಜ್ಜಿ ಮೆರುಗು ಕೊಡುವ ಗಟ್ಟಿ ಕಲ್ಲಿನದು. ಮೂಳೆಗೆ ಬಿಗಿಯೋಕೆ ಮಾತ್ರ ಚಿನ್ನದ ತಂತಿ.”

“ಮೂರೂ ಸರಿ,” ಎಂದಳು ಚಂದಲೆ. “ಆದರೆ ಕಟ್ಟಿಹಾಕಿದ ಇವರಿಬ್ಬರ ಮಾತು ನಾನು ಬಾಯಿ ತೆರೆದ ಮೇಲೆ.”

ಮೌನೇಶ ಕೀಲು ಮಾಡಿದ, ಅರಮನೆಯ ವೈದ್ಯರು ಕೂರಿಸಿದರು. ಗಾಯ ಮಾಗುವವರೆಗೂ ಅವನಿಗೆ ಅನ್ನ ಸೇರಲಿಲ್ಲ. ಕೀವಾಗಲಿಲ್ಲ. ಮತ್ತೆ ಸಭೆ ಸೇರಿದ ದಿನ ಅವನು ಸೊಂಟದಿಂದ ಹುರಿಗಡಲೆ ತೆಗೆದು ಆಕೆಯ ಮುಂದೆ ಹಿಡಿದ. ಕಿವಿ ಚುಚ್ಚಿಸಿಕೊಂಡ ಮಕ್ಕಳಿಗೆ ಕೊಡುತ್ತಿದ್ದದ್ದೇ ಅದು. ಆಕೆ ಮೆಲ್ಲಗೆ ಬಾಯಿ ತೆರೆದಳು. ಒಂದು ಕಡಲೆ ಹಲ್ಲಿಗಿಟ್ಟಳು.

ಕಟುಂ.

ರಾಜ ಎಲ್ಲರೆದುರೇ ಅತ್ತುಬಿಟ್ಟ. “ಏನು ಬೇಕು ಕೇಳಪ್ಪ.”

“ನಮ್ಮಣ್ಣನ ತಲೆ, ಮಹಾಸ್ವಾಮಿ. ಆ ಕಂಚುಗಾರರದ್ದೂ.”

ಇಬ್ಬರ ಕಟ್ಟೂ ಬಿಚ್ಚಿದರು. ರಾಜ ಕಣ್ಣೊರೆಸಿಕೊಂಡು, “ಇನ್ನು ಮದುವೆಯ ಮಾತು...” ಎಂದು ಶುರುಮಾಡಿದ.

“ಅಪ್ಪಾಜಿ, ಆ ಮಾತು ನಾನೇ ಆಡುತ್ತೇನೆ,” ಎಂದು ಚಂದಲೆ ಬಾಯ್ತುಂಬ ನಕ್ಕು, ಇನ್ನಷ್ಟು ಕಡಲೆಗೆ ಕೈ ಚಾಚಿದಳು.