ಅಂಬಾರಿಯ ಆನೆ, ಕಾಲಾಳಿನ ಈಟಿ

“ಗುರುಗಳೇ, ನಿಯಮ ಅಸ್ಪಷ್ಟವಾಗಿದ್ದರೆ ಅದನ್ನು ಸ್ಪಷ್ಟಪಡಿಸಿ ಎಂದು ಕೇಳುವುದು ತಪ್ಪೇ?” ಎಂದು ಶಿಷ್ಯ ಶಂಭುಲಿಂಗ ಕೇಳಿದ.

“ಯಾವ ನಿಯಮ?” ಎಂದರು ಗುರುಗಳು.

“ಸಂಜೆಯ ಪುರಾಣವನ್ನು ಶಿಷ್ಯರು ಸರದಿಯಂತೆ ಓದಬೇಕು ಎಂಬುದು ಮಠದ ಕಟ್ಟಳೆ. ಒಬ್ಬನ ಸರದಿ ಎಲ್ಲಿಗೆ ಮುಗಿಯುತ್ತದೆ ಎಂದು ಯಾರೂ ಹೇಳಿಲ್ಲ. ಮಡಿವಾಳಯ್ಯ ಓದಲು ಕೂತವನು ಇನ್ನೂ ಎದ್ದಿಲ್ಲ.”

“ಅವನಿಗಿಂತ ಮೊದಲು ಓದುತ್ತಿದ್ದವನು ಯಾರು?”

“ನಾನು. ಜ್ವರ ಬಂದು ಮಲಗಿದೆ, ಅವನು ಕೂತ.”

“ನೀನು ಓದುತ್ತಿದ್ದಾಗ ಈ ನಿಯಮ ಸ್ಪಷ್ಟವಾಗಿತ್ತೇ?”

“ಇರಲಿಲ್ಲ,” ಎಂದ ಶಿಷ್ಯ. ಮಡಿವಾಳಯ್ಯ ಓದತೊಡಗಿದ ಮೇಲೆ ಹಜಾರ ತುಂಬಿ ಅಂಗಳಕ್ಕೂ ಚಾಪೆ ಹಾಸಬೇಕಾಗಿತ್ತು. ಅದು ಇಬ್ಬರಿಗೂ ಗೊತ್ತಿತ್ತು.

ಗುರುಗಳು ಮಠಕ್ಕೆ ಬರುವ ಮೊದಲು ಅರ್ಧ ಆಯುಷ್ಯ ಪೇಟೆಯಲ್ಲಿ ವ್ಯಾಪಾರ ಮಾಡಿದವರು. ಮಾತನ್ನು ತೂಗಿಯೇ ಕೊಡುತ್ತಿದ್ದರು. “ಕೂತುಕೋ, ಒಂದು ಕತೆ ಹೇಳುತ್ತೇನೆ,” ಎಂದರು.

ಒಂದು ಪೇಟೆಯಲ್ಲಿ ವ್ಯಾಪಾರಿಗಳು ಕಾಳಗದ ಎಲೆಯಾಟ ಆಡುತ್ತಿದ್ದರು. ಎಲೆ ಎಂದರೆ ಬಟ್ಟೆಗೆ ಅಂಟು ಮೆತ್ತಿ, ಒಣಗಿಸಿ, ಚಿತ್ರ ಬರೆದು, ಮೇಲೆ ಅರಗು ಬಳಿದ ದುಂಡನೆಯ ಬಿಲ್ಲೆ. ಕೆಲವುಗಳ ಮೇಲೆ ಕಾಲಾಳು, ಕೆಲವುಗಳ ಮೇಲೆ ಕುದುರೆ, ಕೆಲವುಗಳ ಮೇಲೆ ಆನೆ. ಎಲ್ಲರಿಗೂ ಸೇರಿ ಒಂದೇ ಕಟ್ಟು ಎಂಬುದಿರಲಿಲ್ಲ. ಪ್ರತಿಯೊಬ್ಬನೂ ತನ್ನ ಪಡೆಯನ್ನು ತಾನೇ ಕೂಡಿಸಬೇಕು. ಚಿತ್ರಗಾರನ ಹತ್ತಿರ ಕೊಳ್ಳಬೇಕು, ಇನ್ನೊಬ್ಬನೊಂದಿಗೆ ಅದಲುಬದಲು ಮಾಡಿಕೊಳ್ಳಬೇಕು, ಇಲ್ಲವೇ ಆಟದಲ್ಲಿ ಗೆಲ್ಲಬೇಕು. ಸಂತೆಯ ಮರುದಿನ ಅಂಗಡಿಗಳು ಮುಚ್ಚಿರುತ್ತಿದ್ದವು. ಆ ದಿನ ಛತ್ರದ ಜಗುಲಿಯ ಮೇಲೆ ಜಮಖಾನ ಹಾಸಿ ಆಡುತ್ತಿದ್ದರು.

ಆಟ ಸರಳ. ಇಬ್ಬರು ಎದುರುಬದುರು ಕೂತು ಒಂದೊಂದೇ ಎಲೆ ಇಡುವುದು. ಕುದುರೆ ಕಾಲಾಳನ್ನು ಬೀಳಿಸುತ್ತದೆ. ಆನೆ ಎರಡನ್ನೂ ಬೀಳಿಸುತ್ತದೆ, ಆನೆಯನ್ನು ಬೀಳಿಸುವ ಎಲೆ ಇಲ್ಲ. ಬಿದ್ದ ಎಲೆ ಬೀಳಿಸಿದವನದು.

ಆ ಪೇಟೆಯಲ್ಲಿ ಒಬ್ಬ ಅರಿಶಿನದ ವ್ಯಾಪಾರಿ ಇದ್ದ. ಅವನ ಪಡೆ ಎಲ್ಲರ ಪಡೆಗಿಂತ ದೊಡ್ಡದು. ಒಬ್ಬ ಕಂಬಳಿ ವ್ಯಾಪಾರಿಯೂ ಇದ್ದ. ಅವನ ಪಡೆ ಸಣ್ಣದು. ಆದರೆ ಅದರಲ್ಲಿ ಅಂಬಾರಿ ಹೊತ್ತ ಒಂದು ಆನೆ ಇತ್ತು. ಅದನ್ನು ಬರೆದ ಚಿತ್ರಗಾರ ತೀರಿಹೋಗಿದ್ದ. ಅಂಥದು ಇನ್ನೊಂದಿರಲಿಲ್ಲ. ಕಂಬಳಿ ವ್ಯಾಪಾರಿ ಅದನ್ನು ಜಮಖಾನದ ಮೇಲೆ ಇಡುವ ಹೊತ್ತಿಗೆ ಬೇರೆ ಆಟಗಳು ನಿಲ್ಲುತ್ತಿದ್ದವು. ಜನ ಎದ್ದು ಬಂದು ಅವನ ಸುತ್ತ ನಿಲ್ಲುತ್ತಿದ್ದರು. ಅರಿಶಿನದವನ ಎದುರಿಗೆ ಆಡುತ್ತಿದ್ದವನೂ “ಒಂದು ನಿಮಿಷ ಸಾಹುಕಾರ್ರೇ, ನೋಡಿಕೊಂಡು ಬಂದೆ,” ಎಂದು ಏಳುತ್ತಿದ್ದ. ಅರಿಶಿನದವನು ಕೈಯಲ್ಲಿ ಎಲೆ ಹಿಡಿದು ಒಬ್ಬನೇ ಕೂತಿರುತ್ತಿದ್ದ.

ಅವನು ಬೇರೆ ಚಿತ್ರಗಾರನಿಂದ ಇನ್ನೂ ದೊಡ್ಡ ಆನೆ ಬರೆಸಿದ. ದಂತಕ್ಕೆ ಚಿನ್ನದ ರೇಕು ಹಚ್ಚಿಸಿದ. ಅದನ್ನು ಇಟ್ಟಾಗ ಒಬ್ಬ ಬಗ್ಗಿ ನೋಡಿ, “ರೇಕು ಚೆನ್ನಾಗಿದೆ,” ಎಂದು ಹೋದ. ಅಂದಿನಿಂದ ಅರಿಶಿನದವನಿಗೆ ಊಟ ಸೇರದಾಯಿತು. ಅಂಗಡಿಗೆ ಗಿರಾಕಿ ಕಂಬಳಿ ಹೊದ್ದು ಬಂದರೆ ಅವನಿಗೆ ಬೆಲೆ ಹೆಚ್ಚು ಹೇಳುತ್ತಿದ್ದ.

ಒಂದು ದಿನ ಆ ಆನೆಯನ್ನು ಕೊಡುತ್ತೀಯಾ ಎಂದು ಕೇಳಿಯೇಬಿಟ್ಟ.

“ಮಾರೋದಿಲ್ಲ ಸಾಹುಕಾರ್ರೇ,” ಎಂದ ಕಂಬಳಿ ವ್ಯಾಪಾರಿ. “ಅಷ್ಟು ಆಸೆಯಿದ್ದರೆ ಮನೆಗೆ ಒಯ್ದು ಇಟ್ಟುಕೊಳ್ಳಿ. ಮಕ್ಕಳಿಗೂ ತೋರಿಸಿ. ಮುಂದಿನ ಸಂತೆಯ ಹೊತ್ತಿಗೆ ತಂದುಕೊಟ್ಟರೆ ಆಯಿತು.”

ಬರೀ ಇಲ್ಲ ಎಂದಿದ್ದರೆ ಅರಿಶಿನದವನು ತಡೆದುಕೊಳ್ಳುತ್ತಿದ್ದನೋ ಏನೋ. ಎರವಲು ಕೊಡುತ್ತೇನೆ ಎಂದದ್ದನ್ನು ತಡೆಯಲಾಗಲಿಲ್ಲ.

ಆ ಆಟದಲ್ಲಿ ಒಂದು ಹಳೆಯ ಸಂದೇಹವಿತ್ತು. ಆನೆ ಕಾಲಾಳನ್ನು ತುಳಿಯುತ್ತದೆ, ಸರಿ. ಆದರೆ ಕಾಲಾಳಿನ ಕೈಯಲ್ಲಿ ಈಟಿ ಇದೆ. ಬೀಳುವ ಮೊದಲು ಅವನು ತಿವಿಯುತ್ತಾನೋ ಇಲ್ಲವೋ? ತಿವಿದರೆ ಆ ಗಾಯ ಆನೆಯ ಮೇಲೆ ಉಳಿಯುತ್ತದೋ, ಮುಂದಿನ ಎಲೆ ಇಡುವ ಹೊತ್ತಿಗೆ ಮಾಯುತ್ತದೋ? ಇದನ್ನು ಯಾರೂ ಇತ್ಯರ್ಥ ಮಾಡಿರಲಿಲ್ಲ. ಮಾತು ಬಂದಾಗ ಇಬ್ಬರೂ ತಮ್ಮ ತಮ್ಮ ಎಲೆಯನ್ನು ಹಿಂದಕ್ಕೆ ತೆಗೆದುಕೊಂಡು ಬೇರೆ ಎಲೆ ಇಡುತ್ತಿದ್ದರು. ಆಟ ನಡೆದುಕೊಂಡು ಹೋಗುತ್ತಿತ್ತು.

ಸುಂಕ ಬದಲಾಗುವ ಸುದ್ದಿ ಮೊದಲೇ ತಿಳಿದ ವ್ಯಾಪಾರಿ ಸದ್ದಿಲ್ಲದೆ ಸರಕು ಕೂಡಿಡುತ್ತಾನಲ್ಲ, ಅರಿಶಿನದವನು ಹಾಗೆ ಕಾಲಾಳುಗಳನ್ನು ಕೂಡಿಡತೊಡಗಿದ. ಕಾಲಾಳು ಯಾರಿಗೂ ಬೇಡದ ಎಲೆ. ಒಂದು ಕುದುರೆಗೆ ಹಿಡಿ ತುಂಬ ಕೊಡುತ್ತಿದ್ದರು. ಅವನು ತನ್ನ ಕುದುರೆಗಳನ್ನೆಲ್ಲ ಕೊಟ್ಟು ಪೇಟೆಯ ಕಾಲಾಳುಗಳನ್ನೆಲ್ಲ ಪೆಟ್ಟಿಗೆಗೆ ತುಂಬಿಕೊಂಡ. “ಸಾಹುಕಾರರಿಗೆ ತಲೆ ಕೆಟ್ಟಿದೆ,” ಎಂದು ಜನ ನಕ್ಕರು. ಅವನು ನಗಲಿ ಎಂದು ಬಿಟ್ಟ.

ಪೆಟ್ಟಿಗೆ ತುಂಬಿದ ಮೇಲೆ ಆಟದ ಹಿರಿಯನ ಹತ್ತಿರ ಹೋದ. ಹಿರಿಯ ಒಬ್ಬ ಮುದಿ ಅಕ್ಕಸಾಲಿ. ಆಟದಲ್ಲಿ ತಕರಾರು ಬಂದರೆ ಅವನ ಮಾತೇ ಕೊನೆ.

“ಯಜಮಾನ್ರೇ, ಈ ಈಟಿಯ ವಿಷಯ ಎಷ್ಟು ದಿನ ಹೀಗೇ ಬಿಡೋದು? ಆಟ ಅಂದ ಮೇಲೆ ಒಂದು ಕಟ್ಟುನಿಟ್ಟು ಬೇಡವೇ?” ಎಂದ.

“ಇಷ್ಟು ವರ್ಷ ನಿನಗೆ ಅದು ಬೇಕಾಗಿರಲಿಲ್ಲವಲ್ಲಪ್ಪ,” ಎಂದ ಹಿರಿಯ. “ಹೇಳು ಅಂದರೆ ಹೇಳುತ್ತೇನೆ. ಆದರೆ ಒಮ್ಮೆ ಹೇಳಿದ ಮೇಲೆ ಅದು ಕಂಬಳಿಯವನ ಆನೆಗೂ ಹೌದು, ನಿನ್ನ ಆನೆಗೂ ಹೌದು.”

“ಆಗಲಿ. ನನ್ನವೇನು, ಸಾಧಾರಣ ಆನೆಗಳು,” ಎಂದ ಅರಿಶಿನದವನು.

ಮುಂದಿನ ಆಟದ ದಿನ ಹಿರಿಯ ಎಲ್ಲರೆದುರು ತೀರ್ಪು ಹೇಳಿದ. ಈಟಿ ಹಿಡಿದವನು ಸುಮ್ಮನೆ ಸಾಯುವುದಿಲ್ಲ. ಕಾಲಾಳು ಬೀಳುತ್ತಾನೆ, ಆದರೆ ಅವನು ಮಾಡಿದ ಗಾಯ ಆಟ ಮುಗಿಯುವವರೆಗೆ ಆನೆಯ ಮೇಲೆ ಉಳಿಯುತ್ತದೆ. ಮೂರನೆಯ ಗಾಯಕ್ಕೆ ಆನೆಯೂ ಬೀಳುತ್ತದೆ. ಬೀಳಿಸಿದವನು ಅದನ್ನು ಒಯ್ಯಬಹುದು.

ಅರಿಶಿನದವನು ಪೆಟ್ಟಿಗೆ ಹಿಡಿದು ಕಂಬಳಿ ವ್ಯಾಪಾರಿಯ ಎದುರು ಹೋಗಿ ಕೂತ. ಪೆಟ್ಟಿಗೆಯಲ್ಲಿ ಏನಿದೆ, ಯಾಕಿದೆ ಎಂಬುದು ಆಗ ಎಲ್ಲರಿಗೂ ಅರ್ಥವಾಯಿತು. ಈ ಸಲ ನಗುವವರಿರಲಿಲ್ಲ.

“ಅಂಬಾರಿಯನ್ನು ಇವತ್ತು ಹೊರಗೆ ತೆಗೀಬೇಡ ಮಾರಾಯ,” ಎಂದು ಒಬ್ಬ ಕಂಬಳಿ ವ್ಯಾಪಾರಿಯ ಕಿವಿಯಲ್ಲಿ ಹೇಳಿದ.

“ಕಾಳಗಕ್ಕೆ ಅಂತ ಬರೆದದ್ದನ್ನು ಒಳಗಿಟ್ಟು ಏನು ಮಾಡಲಿ?” ಎಂದು ಅವನು ಎಂದಿನ ಹಾಗೆಯೇ ಆನೆಯನ್ನು ಇಟ್ಟ.

ಅರಿಶಿನದವನು ಒಂದು ಕಾಲಾಳು ಇಟ್ಟ. ಬಿತ್ತು. ಇನ್ನೊಂದು ಇಟ್ಟ. ಅದೂ ಬಿತ್ತು. ಆನೆಯನ್ನು ಹಿಂದಕ್ಕೆ ತೆಗೆಯಲು ಕಂಬಳಿ ವ್ಯಾಪಾರಿಗೆ ಅವಕಾಶವಿತ್ತು. ಅವನು ತೆಗೆಯಲಿಲ್ಲ. ಅರಿಶಿನದವನು ಮೂರನೆಯ ಕಾಲಾಳನ್ನು ಇಟ್ಟ. ಆನೆ ಬಿತ್ತು.

ಕಂಬಳಿ ವ್ಯಾಪಾರಿ ಅದನ್ನು ಪಂಚೆಯ ಅಂಚಿನಿಂದ ಒಮ್ಮೆ ಒರಸಿ ದಾಟಿಸಿದ. “ಬಿಸಿಲಿಗೆ ಇಡಬೇಡಿ ಸಾಹುಕಾರ್ರೇ, ಅರಗು ಮೆತ್ತಗಾಗುತ್ತೆ,” ಎಂದ. ತನಗೆ ಬಂದ ಕಾಲಾಳುಗಳನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದ. “ಇವರ ಕೈಲಿ ಇಷ್ಟು ಆಗುತ್ತೆ ಅಂತ ಗೊತ್ತೇ ಇರಲಿಲ್ಲ ನೋಡಿ,” ಎಂದು ನಕ್ಕು, ಪಕ್ಕದವನನ್ನು ಆಟಕ್ಕೆ ಕರೆದ.

ಆ ಕಾಲಾಳುಗಳಿಂದ ಅವನು ಏನು ಮಾಡುತ್ತಾನೆ ನೋಡೋಣ ಎಂದು ಜನ ಆ ಕಡೆಗೆ ಸರಿದರು. ಅರಿಶಿನದವನು ಕೈಯಲ್ಲಿ ಆನೆ ಹಿಡಿದು ಒಬ್ಬನೇ ಕೂತಿದ್ದ.

ವ್ಯಾಪಾರದ ಲೆಕ್ಕದಲ್ಲಿ ಅವನಿಗೆ ನಷ್ಟವಾಗಲಿಲ್ಲ. ತೀರ್ಪಿನ ಮೇಲೆ ಕಾಲಾಳಿಗೆ ಬೆಲೆ ಏರಿತು. ಕೂಡಿಟ್ಟದ್ದನ್ನು ಮಾರಿ ಲಾಭ ಮಾಡಿಕೊಂಡ. ಆದರೆ ಮಾರಿದ ಕಾಲಾಳುಗಳೆಲ್ಲ ಈಗ ಊರವರ ಕೈಯಲ್ಲಿದ್ದವು. ಆನೆಯನ್ನು ಇಟ್ಟರೆ ಯಾರು ಬೇಕಾದರೂ ತಿವಿದು ಒಯ್ಯಬಹುದು. ಹಾಗಾಗಿ ಅವನು ಅದನ್ನು ಒಂದು ಸಲವೂ ಇಡಲಿಲ್ಲ. ರೇಷ್ಮೆ ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯ ತಳಕ್ಕೆ ಸೇರಿಸಿದ. ಪ್ರತಿ ವಾರ ಜಗುಲಿಗೆ ಬರುತ್ತಿದ್ದ, ಕಂಬಳಿ ವ್ಯಾಪಾರಿಯ ಸುತ್ತ ನಿಂತವರ ಬೆನ್ನು ನೋಡುತ್ತ ಕೂರುತ್ತಿದ್ದ. ಮೊದಲು ಅವನ ಹೊಟ್ಟೆಕಿಚ್ಚು ಆನೆಯ ಮೇಲಿತ್ತು. ಈಗ ಅಷ್ಟು ಹಗುರವಾಗಿ ಆನೆಯನ್ನು ದಾಟಿಸಿದ ಕೈಯ ಮೇಲೆ ಹುಟ್ಟಿತು. ಆನೆಯನ್ನು ಗೆಲ್ಲಲು ಒಂದು ದಾರಿಯಾದರೂ ಇತ್ತು. ಆ ಕೈಯನ್ನು ಗೆಲ್ಲುವ ಆಟ ಯಾವುದೂ ಇರಲಿಲ್ಲ.

ಕೆಲವು ವಾರ ಕಳೆದು ಅವನು ಮತ್ತೆ ಹಿರಿಯನ ಬಾಗಿಲಿಗೆ ಹೋದ. ಆನೆಯ ಗಾಯದ ನಿಯಮದಲ್ಲಿ ಇನ್ನೂ ಒಂದು ವಿಷಯ ಅಸ್ಪಷ್ಟವಾಗಿದೆ ಎಂದ. ಹಿರಿಯ ಕುಲುಮೆ ಊದುತ್ತಿದ್ದವನು ತಲೆ ಎತ್ತಲಿಲ್ಲ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಶಂಭುಲಿಂಗ, “ಹಾಗಾದರೆ ಹಿರಿಯನ ತೀರ್ಪು ತಪ್ಪೇ?” ಎಂದು ಕೇಳಿದ.

“ತೀರ್ಪು ಸರಿಯಾಗಿಯೇ ಇತ್ತು. ಆ ಪೇಟೆಯಲ್ಲಿ ಇಂದಿಗೂ ಹಾಗೆಯೇ ಆಡುತ್ತಾರೆ,” ಎಂದರು ಗುರುಗಳು. “ನೀನು ಕೇಳಿದ್ದೂ ಸರಿಯೇ. ಸರದಿ ಎಂದ ಮೇಲೆ ಅದಕ್ಕೊಂದು ಕೊನೆ ಇರಬೇಕು. ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಒಬ್ಬನ ಸರದಿ. ನಾಳೆ ಅಮಾವಾಸ್ಯೆ. ಮಡಿವಾಳಯ್ಯನಿಗೆ ಹೇಳುತ್ತೇನೆ, ಅವನು ನಗುತ್ತಲೇ ಎದ್ದು ಜಾಗ ಬಿಡುತ್ತಾನೆ. ನಾಡಿದ್ದಿನಿಂದ ನೀನು ಓದು.”

ಶಿಷ್ಯನ ಮುಖ ಅರಳಿತು. ಅವನು ನಮಸ್ಕರಿಸಿ ಏಳುವುದರಲ್ಲಿದ್ದ.

“ನೀನು ಓದುವಾಗ ಜನ ಅವನ ದನಿಯನ್ನು ನೆನೆಯಬಾರದು ಎಂಬ ನಿಯಮವನ್ನು ಮಾತ್ರ ನನ್ನಿಂದ ಮಾಡಲಾಗದು,” ಎಂದರು ಗುರುಗಳು.