ದಾಸೋಹದ ಒಲೆ

ಮಠದ ದಾಸೋಹದ ಒಲೆ ನೂರ ಹತ್ತು ವರ್ಷಗಳಲ್ಲಿ ಒಮ್ಮೆಯೂ ಆರಿಲ್ಲ ಎಂದು ಆಗ ಜನ ನಂಬಿದ್ದರು.

ಪಕ್ಕದ ಹೊಳೆಗೆ ಇದು ಗೊತ್ತಿರಲಿಲ್ಲ. ಹಿಂದಿನ ಮಳೆಗಾಲದಲ್ಲಿ ಅದು ದನದ ಕೊಟ್ಟಿಗೆಯನ್ನು ಒಯ್ದಿತ್ತು. ಈ ಸಲ ಅಡುಗೆಮನೆಯ ಗೋಡೆ ಬಿರುಕು ಬಿಟ್ಟಿತ್ತು.

ಮಠವನ್ನು ಗುಡ್ಡದ ಮೇಲಕ್ಕೆ ಸಾಗಿಸುವ ಕೆಲಸವನ್ನು ಗುರುಗಳು ಶಿಷ್ಯ ಮುರುಗಯ್ಯನಿಗೆ ವಹಿಸಿದ್ದರು. ಆತ ಅಲ್ಲಿ ಹೊಸ ಅಡುಗೆಮನೆ ಕಟ್ಟಿಸಿದ. ಕಾಳುಕಡಿ ಸಾಗಿಸಿದ. ನಾಲ್ಕು ಸಲ ಭಾಷಣ ಮಾಡಿದ.

ಮಠದ ನಲವತ್ತು ಮಂದಿಯೂ ತಲೆಯಾಡಿಸಿದರು. ಒಬ್ಬರೂ ಏಳಲಿಲ್ಲ. ಅವರೆಲ್ಲ ನೋಡುತ್ತಿದ್ದುದು ನೀಲವ್ವನನ್ನು. ಆಕೆ ಐವತ್ತು ವರ್ಷಗಳಿಂದ ಆ ಒಲೆಯ ಮುಂದೆ ಕೂತವಳು.

“ಯವ್ವಾ, ಒಂದು ಬೋಗುಣಿ ಕೆಂಡ ಮ್ಯಾಲಕ್ಕ ಒಯ್ಯೂಣು,” ಎಂದ ಮುರುಗಯ್ಯ.

“ಒಲಿ ಬಿಟ್ಟ ಕೆಂಡ ಬರೇ ಕೆಂಡ.”

“ಇದರಿಂದ ಲಾಟೀನು ಹಚ್ಚಿಕೊಂಡು ಒಯ್ದ್ರ?”

“ಅದು ಎಣ್ಣಿ ಬೆಂಕಿ. ಓದಿದಾವ ನೀ, ಇಷ್ಟೂ ತಿಳಿಯಂಗಿಲ್ಲೇನು?”

“ಗ್ವಾಡಿ ಬೀಳ್ತದ!”

“ಬೀಳಲಿ. ನನ್ನ ಕೈಯಾಗ ಇದು ಆರಬಾರ್ದು.”

ಮುರುಗಯ್ಯ ಗುರುಗಳ ಬಳಿಗೆ ಓಡಿದ.

“ಅಜ್ಜಾರ, ಹೊಳಿ ಏರಾಕತ್ತದ. ಆಕಿಗೆ ಹೇಳಿ ಹೇಳಿ ಸಾಕಾತು. ಎತ್ತಿಕೊಂಡು ಹೋಗಲೇನು?”

“ನಲವತ್ತು ಮಂದೀನ ಎತ್ತೀಯೇನು?”

“ಮತ್ತೇನು ಮಾಡ್ಲಿ?”

“ಆಕಿ ಏನಂದ್ಲು?”

“ತನ್ನ ಕೈಯಾಗ ಆರಬಾರ್ದಂತ.”

“ಸ್ಪಷ್ಟ ಹೇಳ್ಯಾಳಲ್ಲ,” ಎಂದು ಗುರುಗಳು ಎದ್ದರು.

ಹೊಳೆಗಿಳಿದು ಒಂದು ಕೊಡ ನೀರು ತುಂಬಿಕೊಂಡರು. ಅಡುಗೆಮನೆಗೆ ನಡೆದು, ಎಲ್ಲರ ಕಣ್ಣೆದುರೇ ಒಲೆಗೆ ಸುರಿದರು. ಬುಸ್ಸೆಂದು ಹೊಗೆ ಎದ್ದಿತು.

“ಯಾರರ ಕೇಳಿದ್ರ, ಆರಿಸಿದಾವ ನಾನು ಅನ್ರಿ.”

ನೀಲವ್ವ ಗುರುಗಳ ಮುಖವನ್ನು ಒಮ್ಮೆ ನೋಡಿದಳು. ಸೆರಗು ಕೊಡವಿ ಎದ್ದಳು. ಒಲೆಯ ಹಿಂದಿನ ಗೂಡಿನಿಂದ ಬೆಂಕಿಪೆಟ್ಟಿಗೆ ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡು ಗುಡ್ಡದ ದಾರಿ ಹಿಡಿದಳು. ಚಾಪೆ, ಚೆಂಬು ಎತ್ತಿಕೊಂಡು ನಲವತ್ತು ಮಂದಿಯೂ ಹಿಂದೆ ಹೊರಟರು.

ಮುರುಗಯ್ಯ ಮಾತ್ರ ನಿಂತಲ್ಲೇ ನಿಂತಿದ್ದ.

“ಅಜ್ಜಾರ, ನೂರ ಹತ್ತು ವರ್ಷದ ಬೆಂಕಿ!”

ಗುರುಗಳು ಖಾಲಿ ಕೊಡವನ್ನು ಅವನ ಕೈಗಿತ್ತರು.

“ನಾ ನಿನ್ನಂಗ ಶಿಷ್ಯ ಇದ್ದಾಗ ನನ್ನ ಕೈಯಾಗ ಎರಡು ಸಲ ಆರಿತ್ತು. ಹಚ್ಚಿದಾಕಿ ನೀಲವ್ವ.”